ಕೊಡಗಿನ ಮಳೆಯಲ್ಲಿ ರೇಸ್ ಕಾರ್ ಕಿಟ್‌ಗೆ ಬಣ್ಣ: ಸ್ಪ್ರೇ ಡಬ್ಬಿಯೋ, ಏರ್‌ಬ್ರಷ್ಷೋ, ಬರೀ ಬ್ರಷ್ಷೋ?

ಹೋದ ವರ್ಷ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ನಮ್ಮ ಮಳೆ ತಿಂಗಳಲ್ಲಿ, ನಾನು ಒಂದು ಕಪ್ಪು ಕಾರನ್ನು ಬಿಳಿ ಮಾಡಿಬಿಟ್ಟೆ. ಬೇಕೂಂತ ಮಾಡಿದ್ದಲ್ಲ. ಅದು ಲೋಟಸ್ 79ರ ಕಿಟ್, ಅಂದರೆ ತುಂಡು ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾದರಿ, ನಿಜವಾದ ಕಾರಿನ 1/20 ಅಳತೆಯದು. 1978ರಲ್ಲಿ ಮಾರಿಯೊ ಆಂಡ್ರೆಟಿಯನ್ನು ಫಾರ್ಮುಲಾ ಒನ್ ಚಾಂಪಿಯನ್ ಮಾಡಿದ ಕಪ್ಪು-ಚಿನ್ನದ ಕಾರು. ಮೂರು ದಿನ ಜಡಿಮಳೆ ಹೊಡೆದು ಒಂದು ಮಧ್ಯಾಹ್ನ ಸ್ವಲ್ಪ ಬಿಡುವು ಕೊಟ್ಟಿತು. ಇದೇ ಸಮಯ ಅಂದುಕೊಂಡು ಬಾಡಿಯನ್ನು ಜಗಲಿಗೆ ತಂದು ಕಪ್ಪು ಸ್ಪ್ರೇ ಹೊಡೆದೆ. ಹೊಡೆದಾಗ ಕನ್ನಡಿಯಂತೆ ಹೊಳೆಯಿತು. ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮೇಲೆಲ್ಲ ಬೂದಿ ಬಳಿದ ಹಾಗೆ ಮಂಕು. ತಪ್ಪು ಬಣ್ಣದ್ದಲ್ಲ, ನನ್ನದು.

ಆದದ್ದು ಇಷ್ಟೆ. ನಾನು ಹೊಡೆದದ್ದು ಲ್ಯಾಕರ್ ಬಣ್ಣ. ಅದರಲ್ಲಿರುವ ಥಿನ್ನರ್, ಅಂದರೆ ಬಣ್ಣವನ್ನು ತೆಳ್ಳಗೆ ಮಾಡುವ ದ್ರವ, ಬಹಳ ಬೇಗ ಆರುತ್ತದೆ. ಆರುವಾಗ ಬಾಡಿಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಕೈಗೆ ಸ್ಪಿರಿಟ್ ಸವರಿದರೆ ತಣ್ಣಗಾಗುತ್ತಲ್ಲ, ಹಾಗೆ. ತಣ್ಣಗಾದ ಜಾಗದಲ್ಲಿ ಗಾಳಿಯ ತೇವ ಸಣ್ಣ ನೀರಹನಿಯಾಗಿ ಕೂರುತ್ತದೆ. ಬಣ್ಣ ಇನ್ನೂ ಹಸಿ ಇರುವಾಗಲೇ ಆ ನೀರು ಸೇರಿಕೊಂಡರೆ ಮೇಲ್ಮೈ ಹಾಲು ಹಾಲಾಗುತ್ತದೆ. ಬಿಳಿ ಕಾರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಪ್ಪು ಕಾರಿನಲ್ಲಿ ಮಾತ್ರ ಮುಚ್ಚಿಡಲು ಸಾಧ್ಯವಿಲ್ಲ.

ಯಾವ ಬಣ್ಣ ಒಳ್ಳೆಯದು, ಯಾವ ಏರ್‌ಬ್ರಷ್ (ಕಂಪ್ರೆಸರ್ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಒಳ್ಳೆಯದು ಅಂತ ಹೇಳುವ ಬರಹಗಳು ಬೇಕಾದಷ್ಟು ಇವೆ. ಅವೆಲ್ಲ ಒಣಗಿದ ಕೋಣೆಯಲ್ಲಿ ಕೂತು ಬರೆದವು. ನಮಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಇದು ಯಾವ ತಿಂಗಳು? ನಿಮ್ಮ ಮನೆ ಜಿಲ್ಲೆಯ ಯಾವ ಮಗ್ಗುಲಲ್ಲಿದೆ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮೊದಲು ಕ್ಯಾಲೆಂಡರ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಲ್ಯಾಕರ್ ಎಲ್ಲಿ? ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ. ಅಲ್ಲಿ ಜುಲೈನಲ್ಲೂ ಒಂದೊಂದು ದಿನ ಹೊಡೆಯುವಂಥ ಹವೆ ಸಿಗುತ್ತದೆ. ನಾನು ಎರಡು ಸಲ ಬಾಡಿಯನ್ನು ಡಬ್ಬದಲ್ಲಿಟ್ಟುಕೊಂಡು ಅಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿ, ತಾರಸಿಯಲ್ಲಿ ಬಣ್ಣ ಹೊಡೆದು ಬಂದಿದ್ದೇನೆ. ಚಿಕ್ಕಮ್ಮ ಈಗಲೂ ನನ್ನನ್ನು ನೋಡಿದರೆ "ಕಾರು ತಂದಿದ್ದೀಯಾ?" ಅಂತಲೇ ಕೇಳುವುದು.

ಅಕ್ಟೋಬರ್ ನಂಬುವ ಹಾಗಿಲ್ಲ. ಹುತ್ತರಿ ಕಳೆದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮಗೆ ಚಿನ್ನದಂಥ ಕಾಲ. ತಮಾಷೆ ಏನೆಂದರೆ ಕಾಫಿ ಕೊಯ್ಲೂ ಅದೇ ಹೊತ್ತಿಗೆ. ತೋಟ ಇರುವವರಿಗೆ ಬಣ್ಣ ಒಣಗುವ ಕಾಲದಲ್ಲಿ ಬಿಡುವಿಲ್ಲ, ಬಿಡುವಿರುವ ಕಾಲದಲ್ಲಿ ಬಣ್ಣ ಒಣಗುವುದಿಲ್ಲ. ಹಾಗಾಗಿ ಕೆಲಸವನ್ನೇ ಎರಡು ಭಾಗ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ತುಂಡು ಬಿಡಿಸುವುದು, ಉಜ್ಜುವುದು, ಸೀಟು, ಎಂಜಿನ್, ಡ್ಯಾಶ್‌ಬೋರ್ಡ್. ಬಾಡಿಗೆ ಬಣ್ಣ ಮಾತ್ರ ಚಳಿಗಾಲದಲ್ಲಿ, ಅದೂ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ಒಳಗೆ. ಬೆಳಿಗ್ಗೆ ಮಂಜು, ಸಂಜೆ ಮತ್ತೆ ಮಂಜು. ಕಾಫಿ ಒಣಗಿಸುವ ಕಣದ ಹತ್ತಿರ ಮಾತ್ರ ಹೊಡೆಯಬೇಡಿ. ಅಲ್ಲಿನ ಧೂಳು, ಸಿಪ್ಪೆಯ ಚೂರು ಎಲ್ಲ ಬಂದು ಬಾನೆಟ್ ಮೇಲೇ ಕೂರುತ್ತವೆ.

ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಒಂದು ತೆಗೆದುಕೊಳ್ಳಿ. ದುಬಾರಿ ಬಣ್ಣ ಕೊಳ್ಳುವ ಮೊದಲು ಇದು. ನನ್ನ ಲೆಕ್ಕ ಹೀಗಿದೆ: ತೇವ ಶೇಕಡಾ 60ರ ಕೆಳಗಿದ್ದರೆ ಏನು ಬೇಕಾದರೂ ಹೊಡೆಯಿರಿ. 60ರಿಂದ 75ರ ನಡುವೆ ಏರ್‌ಬ್ರಷ್, ನಿಧಾನವಾಗಿ ಆರುವ ಥಿನ್ನರ್ ಹಾಕಿ. 75 ದಾಟಿದರೆ ಲ್ಯಾಕರ್ ಮುಚ್ಚಿಟ್ಟು ಸೀಟಿಗೆ ಬ್ರಷ್‌ನಲ್ಲಿ ಬಣ್ಣ ಬಳಿಯಿರಿ.

ಲ್ಯಾಕರ್, ಅಕ್ರಿಲಿಕ್, ಎನಾಮಲ್

ಮೂರರ ಗುಣವೂ ಬೇರೆ. ಲ್ಯಾಕರ್ ಬೇಗ ಆರುತ್ತದೆ, ಗಟ್ಟಿಯಾಗುತ್ತದೆ, ಉಜ್ಜಿ ಪಾಲಿಶ್ ಮಾಡಿದರೆ ನಿಜವಾದ ಕಾರಿನ ಹೊಳಪು ಬರುತ್ತದೆ. ಜಪಾನಿನ ಕಿಟ್ ಕಂಪನಿ ಟಮಿಯಾದ ಟಿಎಸ್ ಸ್ಪ್ರೇ ಡಬ್ಬಿಗಳು, ಎಲ್‌ಪಿ ಬಾಟಲಿಗಳು, ಜಿಎಸ್‌ಐ ಕ್ರಿಯೋಸ್‌ನ ಮಿಸ್ಟರ್ ಕಲರ್ ಇವೆಲ್ಲ ಈ ಜಾತಿ. ವಾಸನೆ ಜೋರು, ತೇವಕ್ಕೆ ಹೆದರುತ್ತದೆ.

ಅಕ್ರಿಲಿಕ್‌ನಲ್ಲೇ ಎರಡು ಬಗೆ. ಟಮಿಯಾದ ಎಕ್ಸ್ ಮತ್ತು ಎಕ್ಸ್‌ಎಫ್ ಬಾಟಲಿಗಳಲ್ಲಿ ಆಲ್ಕೋಹಾಲ್ ಇರುತ್ತದೆ. ವಯೆಹೊ ಕಂಪನಿಯದಂಥವು ಪೂರ್ತಿ ನೀರಿನವು. ಎರಡೂ ಮನೆಯೊಳಗೆ ಬಳಸಲು ಸುಲಭ, ವಾಸನೆ ಕಡಿಮೆ. ಆದರೆ ಬಾಡಿಗೆ ಹೊಳಪು ಬೇಕೆಂದರೆ ಕಷ್ಟ. ಹೊಳೆಯುವ ಅಕ್ರಿಲಿಕ್ ಮಳೆಗಾಲದಲ್ಲಿ ವಾರವಾದರೂ ಒಳಗೆ ಮೆತ್ತಗೇ ಇರುತ್ತದೆ. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಹಿಡಿದರೆ ಬೆರಳಚ್ಚು. ನೀರಿನ ಬಣ್ಣದ ಮೇಲೆ ಟೇಪ್ ಹಾಕಿ ಕಿತ್ತರೆ ಚಕ್ಕೆ ಚಕ್ಕೆಯಾಗಿ ಏಳುವುದೂ ಉಂಟು, ಅಡಿಯಲ್ಲಿ ಬಣ್ಣ ಹಿಡಿಯಲು ಹೊಡೆಯುವ ಪ್ರೈಮರ್ ಇಲ್ಲದಿದ್ದರೆ ಖಂಡಿತ.

ಎನಾಮಲ್ ಹಳೇ ಕಾಲದ್ದು. ಬ್ರಷ್‌ನಲ್ಲಿ ಬಳಿದರೆ ಗೆರೆ ತಾನಾಗಿ ಕೂಡಿಕೊಂಡು ನುಣ್ಣಗಾಗುತ್ತದೆ. ಒಣಗಲು ದಿನಗಟ್ಟಲೆ ಬೇಕು. ಸಣ್ಣಪುಟ್ಟ ಭಾಗಗಳಿಗೆ, ಬಾಗಿಲಿನ ಗೆರೆಯಲ್ಲಿ ಕಪ್ಪು ಇಳಿಸುವುದಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಒಂದು ನಿಯಮ ಮಾತ್ರ ಮರೆಯಬಾರದು. ಲ್ಯಾಕರ್ ಕೆಳಗೆ, ಎನಾಮಲ್ ಮೇಲೆ. ತಿರುಗಿಸಿದರೆ ಲ್ಯಾಕರ್‌ನ ಥಿನ್ನರ್ ಕೆಳಗಿನ ಎನಾಮಲ್ ಅನ್ನು ಕಚ್ಚಿ, ಬಿಸಿಲಿಗೆ ಒಡೆದ ಗದ್ದೆ ಮಣ್ಣಿನ ಹಾಗೆ ಮಾಡುತ್ತದೆ.

ಟಮಿಯಾದ ಪಿಎಸ್ ಡಬ್ಬಿಗಳೂ ಅಂಗಡಿಯಲ್ಲಿ ಟಿಎಸ್ ಪಕ್ಕದಲ್ಲೇ ನಿಂತಿರುತ್ತವೆ. ನೋಡಲು ಅಣ್ಣತಮ್ಮಂದಿರ ಹಾಗೆ. ಪಿಎಸ್ ಇರುವುದು ರಿಮೋಟ್ ಕಾರುಗಳ ಪಾಲಿಕಾರ್ಬನೇಟ್ ಬಾಡಿಗೆ. ನಮ್ಮ ಕಿಟ್‌ನ ಪ್ಲಾಸ್ಟಿಕ್‌ಗೆ ಅದು ಬೇಡ. ಹಾಗೆಯೇ ವರ್ಕ್‌ಶಾಪ್‌ನ ಎನ್‌ಸಿ ಥಿನ್ನರ್. ಏರ್‌ಬ್ರಷ್ ತೊಳೆಯಲು ಅದು ಅಗ್ಗದ, ಒಳ್ಳೆಯ ಮಾಲು. ಬಾಡಿಗೆ ಬಿದ್ದರೆ ಮಾತ್ರ ಪ್ಲಾಸ್ಟಿಕ್ ಬೆಲ್ಲದ ಹಾಗೆ ಕರಗುತ್ತದೆ.

ಡಬ್ಬಿ ಮತ್ತು ಏರ್‌ಬ್ರಷ್

ಮೊದಲ ಕಾರು ಮಾಡುವವರಿಗೆ ನಾನು ಸ್ಪ್ರೇ ಡಬ್ಬಿಯನ್ನೇ ಹೇಳುತ್ತೇನೆ. ಏರ್‌ಬ್ರಷ್ ಇಲ್ಲದೆ ಒಳ್ಳೆಯ ಕಾರು ಆಗುವುದಿಲ್ಲ ಅನ್ನುವುದು ಸುಳ್ಳು. ಒಂದೇ ಬಣ್ಣದ ಕಾರಿಗೆ ಡಬ್ಬಿಯಿಂದ ಬರುವ ನುಣುಪು ಹೊಸಬರ ಏರ್‌ಬ್ರಷ್‌ನಿಂದ ಬರುವುದಿಲ್ಲ. ಡಬ್ಬಿಯಲ್ಲಿ ಬಣ್ಣ ಜಾಸ್ತಿ ಬರುತ್ತದೆ, ಒದ್ದೆಯಾಗಿ ಕೂರುತ್ತದೆ, ತಾನಾಗಿ ಹರಡಿಕೊಂಡು ಸಮವಾಗುತ್ತದೆ. ಇನ್ನೊಂದು ನಮ್ಮ ಊರಿನ ಕಾರಣ. ಗಾಳಿ-ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಕಂಪ್ರೆಸರ್ ಸುಮ್ನೆ ಮೂಲೆಯಲ್ಲಿ ಕೂರುತ್ತದೆ. ಡಬ್ಬಿಗೆ ಕರೆಂಟ್ ಬೇಡ.

ಆದರೆ ಡಬ್ಬಿ ತರಿಸುವುದೇ ತಲೆನೋವು. ಬೆಂಕಿ ಹಿಡಿಯುವ ವಸ್ತು, ವಿಮಾನದಲ್ಲಿ ಬರುವಂತಿಲ್ಲ. ರಸ್ತೆ ಮೇಲೆ ಕಳಿಸುವ ಅಂಗಡಿ ಹುಡುಕಬೇಕು. ನಮಗಂತೂ ರೈಲೂ ಇಲ್ಲ. ಬೆಂಗಳೂರಿಗೋ ಮೈಸೂರಿಗೋ ಸ್ವಂತ ಗಾಡಿಯಲ್ಲಿ ಹೋದಾಗ ಒಂದೇ ಸಲ ತಂದಿಟ್ಟುಕೊಳ್ಳುವುದು ವಾಸಿ. ಕಾರಿನೊಳಗೆ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗಬೇಡಿ. 50 ಡಿಗ್ರಿ ಮೀರಬಾರದು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ಟಿಎಸ್ ಡಬ್ಬಿಯಲ್ಲಿ ಇರುವುದು 100 ಮಿಲಿ. 1/24ರ ಒಂದು ಬಾಡಿಗೆ ಒಂದು ಡಬ್ಬಿ ಸಾಕು, ಸ್ವಲ್ಪ ಉಳಿಯುತ್ತದೆ.

ಚಳಿಗಾಲದ ಬೆಳಿಗ್ಗೆ ಡಬ್ಬಿಯ ಒಳಗಿನ ಒತ್ತಡ ಬೀಳುತ್ತದೆ. ಒತ್ತಿದರೆ ಉಗುಳಿದ ಹಾಗೆ ದಪ್ಪ ದಪ್ಪ ಹನಿ. ಹೊಡೆಯುವ ಮೊದಲು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ಸ್ನಾನದ ನೀರಿನಷ್ಟು ಬಿಸಿ ಸಾಕು. ಒಲೆಯ ಹತ್ತಿರ ಇಡುವುದಂತೂ ಬೇಡವೇ ಬೇಡ. ನಮ್ಮಲ್ಲಿ ಮಳೆಗಾಲದಲ್ಲಿ ಏನು ಒದ್ದೆಯಾದರೂ ಒಲೆಯ ಮೇಲೆ ನೇತುಹಾಕುವ ಅಭ್ಯಾಸ ಇದೆಯಲ್ಲ, ಬಣ್ಣ ಹೊಡೆದ ಬಾಡಿಯನ್ನೂ ಹಾಗೆ ಮಾಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುವುದು ಮೊದಲೋ, ಲ್ಯಾಕರ್ ಹಬೆಗೆ ಬೆಂಕಿ ತಗಲುವುದು ಮೊದಲೋ ಹೇಳಲಾಗದು.

ಏರ್‌ಬ್ರಷ್ ಯಾವಾಗ ಬೇಕು? ಎರಡು ಮೂರು ಬಣ್ಣ ಇದ್ದಾಗ. ಮೆಟಾಲಿಕ್ ಇದ್ದಾಗ. ಬಣ್ಣವನ್ನು ನೀವೇ ಕಲೆಸಬೇಕಾದಾಗ. ಮತ್ತೆ, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾಗಿ, ಹವೆ ಅಷ್ಟು ಚೆನ್ನಾಗಿಲ್ಲದಾಗ. ಡಬ್ಬಿಯೊಳಗಿನ ಥಿನ್ನರ್ ಅನ್ನು ನೀವು ಬದಲಿಸಲು ಆಗುವುದಿಲ್ಲ. ಏರ್‌ಬ್ರಷ್‌ನಲ್ಲಿ ಆಗುತ್ತದೆ. ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್‌ನಲ್ಲಿ ಆರುವುದನ್ನು ತಡಮಾಡುವ ರಿಟಾರ್ಡರ್ ಸೇರಿಸಿರುತ್ತಾರೆ. ಬಣ್ಣ ನಿಧಾನವಾಗಿ ಆರುವುದರಿಂದ ಬಾಡಿ ಅಷ್ಟೊಂದು ತಣ್ಣಗಾಗುವುದಿಲ್ಲ, ಕೂತ ತೇವಕ್ಕೂ ಹೊರಗೆ ಹೋಗಲು ಸಮಯ ಸಿಗುತ್ತದೆ. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬದ ಆಸುಪಾಸಿನಲ್ಲೂ ಇದರಿಂದ ನನಗೆ ಒಂದೆರಡು ಒಳ್ಳೆಯ ಬಾಡಿ ಸಿಕ್ಕಿವೆ. ಟಿಎಸ್ ಡಬ್ಬಿಯ ಬಣ್ಣವನ್ನೇ ಬಾಟಲಿಗೆ ಇಳಿಸಿ ಏರ್‌ಬ್ರಷ್‌ನಲ್ಲಿ ಹೊಡೆಯುವವರೂ ಇದ್ದಾರೆ. ಇಳಿಸಿದ ಮೇಲೆ ಮುಚ್ಚಳ ಸಡಿಲ ಬಿಟ್ಟು ಗ್ಯಾಸ್ ಪೂರ್ತಿ ಹೋಗಲು ಬಿಡಬೇಕು. ಇಲ್ಲದಿದ್ದರೆ ಬಾಟಲಿಯೇ ನೊರೆ ಉಕ್ಕಿಸುತ್ತದೆ.

ಕಂಪ್ರೆಸರ್ ಕೊಳ್ಳುವಾಗ ಟ್ಯಾಂಕ್ ಇರುವುದನ್ನೂ, ನೀರು ಹಿಡಿಯುವ ವಾಟರ್ ಟ್ರ್ಯಾಪ್ ಇರುವುದನ್ನೂ ನೋಡಿ. ಬೇರೆ ಊರಿನವರಿಗೆ ವಾಟರ್ ಟ್ರ್ಯಾಪ್ ಇದ್ದರೆ ಒಳ್ಳೆಯದು. ನಮಗೆ ಅದಿಲ್ಲದೆ ಆಗುವುದೇ ಇಲ್ಲ. ಜುಲೈನಲ್ಲಿ ಅರ್ಧ ಗಂಟೆ ಓಡಿಸಿದರೆ ಬಟ್ಟಲಿನಲ್ಲಿ ನೀರು ಕಾಣುತ್ತದೆ. ಅದನ್ನು ಆಗಾಗ ಖಾಲಿ ಮಾಡದಿದ್ದರೆ ಬಾನೆಟ್ ನಡುವೆ ಒಂದು ಹನಿ ಪಟ್ ಅಂತ ಬೀಳುತ್ತದೆ. ಯಾವಾಗಲೂ ಬಾನೆಟ್ ನಡುವೆಯೇ.

ಬರೀ ಬ್ರಷ್‌ನಲ್ಲಿ ಇಡೀ ಬಾಡಿ? ಆಗುವುದಿಲ್ಲ ಅಂತಲ್ಲ. ಎನಾಮಲ್ ತೆಳ್ಳಗೆ ಮಾಡಿ ಮೂರು ನಾಲ್ಕು ಸಲ ಬಳಿದು, ನಡುನಡುವೆ ವಾರ ಕಾದು, ಕೊನೆಗೆ ಉಜ್ಜಿ ಪಾಲಿಶ್ ಮಾಡಿದರೆ ಚೆನ್ನಾಗೇ ಬರುತ್ತದೆ. ತಾಳ್ಮೆ ಇದ್ದವರು ಮಾಡಲಿ. ನನಗಿಲ್ಲ.

ಯಾವುದೇ ಆಗಲಿ, ಕಿಟಕಿ ಮುಚ್ಚಿಕೊಂಡು ಲ್ಯಾಕರ್ ಹೊಡೆಯಬೇಡಿ. ಮಳೆ ಎರಚುತ್ತದೆ ಅಂತ ಮುಚ್ಚುವುದು ನಮ್ಮ ಅಭ್ಯಾಸ. ಬಟ್ಟೆಯ ಮಾಸ್ಕ್ ಈ ವಾಸನೆಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಯಾವ ಕಾರು ಯಾವ ದಾರಿಗೆ

ಜನ ಮೊದಲು ಕಾರು ಆರಿಸಿ ಆಮೇಲೆ ಬಣ್ಣದ ಯೋಚನೆ ಮಾಡುತ್ತಾರೆ. ಅರ್ಧಕ್ಕೆ ನಿಂತ ಕಿಟ್‌ಗಳು ಅಟ್ಟದಲ್ಲಿ ತುಂಬುವುದು ಹೀಗೆಯೇ. ನನ್ನ ಅಟ್ಟದಲ್ಲೂ ಇವೆ.

ಒಂದೇ ಬಣ್ಣದ ಕಾರು ಅಂದರೆ ಡಬ್ಬಿಗೆ ಹೇಳಿ ಮಾಡಿಸಿದ್ದು. 1995ರಲ್ಲಿ ಕಾಲಿನ್ ಮೆಕ್‌ರೇ ವಿಶ್ವ ರ‍್ಯಾಲಿ ಚಾಂಪಿಯನ್ ಆದ ಸುಬಾರು ಇಂಪ್ರೆಜಾ ತೆಗೆದುಕೊಳ್ಳಿ. ಇಡೀ ಬಾಡಿ ನೀಲಿ. ಹಳದಿ ಎಲ್ಲ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಜಾರಿಸುವ ಸ್ಟಿಕ್ಕರ್. ಟಿಎಸ್-50 ಮೈಕಾ ನೀಲಿ ಒಂದು ಡಬ್ಬಿ ಇದ್ದರೆ ಬಾಡಿಯ ಕೆಲಸ ಮುಗಿಯಿತು. ಚಕ್ರಕ್ಕೆ ಚಿನ್ನದ ಬಣ್ಣ ಬೇರೆ. ಮೊದಲ ರೇಸ್ ಕಾರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮೆಕ್‌ಲಾರೆನ್ ಎಂಪಿ4/4 ಎಲ್ಲರಿಗೂ ಬೇಕು. 1988ರ 16 ಫಾರ್ಮುಲಾ ಒನ್ ರೇಸ್‌ಗಳಲ್ಲಿ 15 ಗೆದ್ದ ಕಾರು, ಸೆನ್ನಾ ಮತ್ತು ಪ್ರಾಸ್ಟ್ ಓಡಿಸಿದ್ದು. ನೋಡಲು ಕೆಂಪು-ಬಿಳಿ ಅಷ್ಟೆ, ಸುಲಭ ಅನಿಸುತ್ತದೆ. ಅಲ್ಲ. ಆ ಕೆಂಪು ಮಾಮೂಲಿ ಕೆಂಪಲ್ಲ, ಕಣ್ಣು ಕುಕ್ಕುವ ಫ್ಲೋರೊಸೆಂಟ್ ಕೆಂಪು. ಅದು ಕೆಳಗಿನದನ್ನು ಮುಚ್ಚುವುದಿಲ್ಲ. ಕೆಳಗೆ ಶುದ್ಧ ಬಿಳಿ ಇರಲೇಬೇಕು. ಬಿಳಿಯಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಕೆಂಪಿನಲ್ಲೂ ಹಾಗೇ ಕಾಣುತ್ತದೆ. ಜೊತೆಗೆ ಬಿಸಿಲಿಗೆ ಮಾಸುತ್ತದೆ, ಕಿಟಕಿ ಪಕ್ಕದ ಷೋಕೇಸ್‌ನಲ್ಲಿ ಇಡುವ ಹಾಗಿಲ್ಲ. ಮೂರನೆಯ ಕಾರೋ ನಾಲ್ಕನೆಯದೋ ಆಗಲಿ.

1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಮಜ್ದಾ 787ಬಿ ಇನ್ನೂ ಮೇಲಿನ ತರಗತಿ. ಕಿತ್ತಳೆ ಒಂದು ಕಡೆ, ಹಸಿರು ಇನ್ನೊಂದು ಕಡೆ. ಬಾಡಿಯ ಉಬ್ಬುತಗ್ಗಿನ ಮೇಲೆಲ್ಲ ಮಾಸ್ಕಿಂಗ್ ಟೇಪ್ ನೆಟ್ಟಗೆ ಎಳೆಯಬೇಕು. ಇದಕ್ಕೆ ಏರ್‌ಬ್ರಷ್ ಇರಲಿ. ಡಬ್ಬಿಯಲ್ಲಿ ಹೊಡೆದರೆ ಟೇಪಿನ ಅಂಚಿನಲ್ಲಿ ಬಣ್ಣ ದಪ್ಪಗೆ ಗೋಡೆ ಕಟ್ಟುತ್ತದೆ.

ಕಿಟ್ ಕೆಂಪು ಪ್ಲಾಸ್ಟಿಕ್‌ನಲ್ಲಿ ಬಂದು ನಿಮಗೆ ಬಿಳಿ ಕಾರು ಬೇಕಾದರೆ ಮೊದಲು ಬೆಳ್ಳಿ ಬಣ್ಣದ ಒಂದು ಪದರ ಹೊಡೆಯಿರಿ. ಇಲ್ಲದಿದ್ದರೆ ಪ್ಲಾಸ್ಟಿಕ್‌ನ ಕೆಂಪು ಮೇಲೆ ಒಸರಿ ಬಿಳಿ ಕಾರು ಗುಲಾಬಿಯಾಗುತ್ತದೆ.

ಡೆಕಾಲ್: ಮಳೆಗಾಲದ ನಿಜವಾದ ಬಲಿ

ರೇಸ್ ಕಾರಿನ ಜೀವ ಡೆಕಾಲ್‌ನಲ್ಲಿದೆ. ನಮ್ಮಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದೂ ಮೊದಲು. ಕಿಟ್ ಬಂದ ದಿನವೇ ಡೆಕಾಲ್ ಹಾಳೆಯನ್ನು ಹೊರತೆಗೆದು, ಜಿಪ್ ಕವರ್‌ಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗಾಳಿಯಾಡದ ಡಬ್ಬದಲ್ಲಿಡಿ. ಹಳೇ ಹಾಳೆ ಹಳದಿಯಾಗಿದ್ದರೆ ಕವರ್ ಸಮೇತ ಕಿಟಕಿ ಗಾಜಿಗೆ ಅಂಟಿಸಿ ಕೆಲವು ದಿನ ಬಿಸಿಲು ತೋರಿಸಿ. ಹಳದಿ ಎಷ್ಟೋ ಇಳಿಯುತ್ತದೆ. ಹಳೆಯ ಹಾಳೆಯಾದರೆ ಬೇಡದ ಒಂದು ತುಂಡನ್ನು ಮೊದಲು ನೀರಿಗೆ ಹಾಕಿ ನೋಡಿ, ಚೂರಾಗುತ್ತದೋ ಇಲ್ಲವೋ ಅಂತ.

ಅಂಟಿಸುವಾಗ ಕೆಳಗಿನ ಮೇಲ್ಮೈ ಹೊಳೆಯುತ್ತಿರಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿ ಮಿಂಚು ಕಾಣುತ್ತದೆ. ಉಬ್ಬುತಗ್ಗಿಗೆ ಕೂರಿಸಲು ಎರಡು ದ್ರವ ಸಿಗುತ್ತವೆ. ಮಿಸ್ಟರ್ ಮಾರ್ಕ್ ಸೆಟರ್ ಅಂಟು ಹಿಡಿಸುವುದಕ್ಕೆ, ಮಿಸ್ಟರ್ ಮಾರ್ಕ್ ಸಾಫ್ಟರ್ ಮೆತ್ತಗೆ ಮಾಡುವುದಕ್ಕೆ. ಎರಡರಲ್ಲಿ ಒಂದೇ ಕೊಳ್ಳುವುದಾದರೆ ಸಾಫ್ಟರ್. ಹಾಕಿದ ಮೇಲೆ ಡೆಕಾಲ್ ಸುಕ್ಕುಗಟ್ಟುತ್ತದೆ, ಎದೆ ಧಸಕ್ ಅನ್ನುತ್ತದೆ. ಕೈ ಹಾಕಬೇಡಿ. ಆರುತ್ತಾ ತಾನಾಗಿ ಚಪ್ಪಟೆಯಾಗುತ್ತದೆ.

ಹಳೇ ಕಾರುಗಳ ಸಿಗರೇಟ್ ಜಾಹೀರಾತು ಈಗಿನ ಕಿಟ್‌ಗಳ ಹಾಳೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಬೇಕೆಂದರೆ ಬೇರೆಯವರು ಅಚ್ಚು ಮಾಡಿದ ಹಾಳೆ ತರಿಸಬೇಕು. ಕಿಟ್‌ನ ಬೆಲೆಯ ಅರ್ಧ ಅದಕ್ಕೇ ಹೋಗಬಹುದು. ಷೆಲ್ಫಿನಲ್ಲಿಟ್ಟ ಮೇಲೆ ನೋಡುವವರು ಯಾರು ಅನ್ನುವವರು ಬಿಟ್ಟುಬಿಡಿ. ನಾನು ತರಿಸುವವನು.

ಕ್ಲಿಯರ್ ಎಷ್ಟು ದಪ್ಪ?

ಇಲ್ಲಿ ನನಗೂ ನನ್ನ ಗೆಳೆಯರಿಗೂ ಜಗಳ. ಒಂದು ಗುಂಪಿಗೆ ಕಾರು ಗಾಜಿನ ಗೋಲಿಯ ಹಾಗೆ ಹೊಳೆಯಬೇಕು. ಡೆಕಾಲ್ ಮೇಲೆ ಐದಾರು ಸಲ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಮೇಲ್ಪದರ), ಆಮೇಲೆ ಉಜ್ಜು, ಮತ್ತೆ ಕ್ಲಿಯರ್, ಮತ್ತೆ ಉಜ್ಜು. ನೋಡಲು ಚಂದವೇ. ಆದರೆ ಸಣ್ಣ ಲೆಕ್ಕ ಹಾಕಿ. 1/24 ಕಾರಿನ ಮೇಲೆ 0.1 ಮಿಲಿಮೀಟರ್ ಬಣ್ಣ ಕೂತರೆ ನಿಜವಾದ ಕಾರಿನ ಅಳತೆಗೆ ಅದು 2.4 ಮಿಲಿಮೀಟರ್. ಅಂಥ ಬಣ್ಣ ಬಳಿದ ರೇಸ್ ಕಾರು ಎಲ್ಲಿದೆ? ಬಾಗಿಲ ಗೆರೆ ತುಂಬಿಹೋಗುತ್ತದೆ, ರಿವೆಟ್ ಕಾಣೆಯಾಗುತ್ತದೆ, ಕೊನೆಗೆ ಕಾರು ಸಕ್ಕರೆ ಪಾಕದಲ್ಲಿ ಅದ್ದಿದ ಹಾಗೆ. ರೇಸ್ ಕಾರು ಮದುವೆ ಕಾರಲ್ಲ. ತೂಕ ಉಳಿಸಬೇಕೆಂದು ತೆಳ್ಳಗೆ ಬಣ್ಣ ಹೊಡೆದದ್ದು ಅದು.

ಹಾಗಾಗಿ ನನ್ನ ಆಯ್ಕೆ ಟಿಎಸ್-13 ಕ್ಲಿಯರ್, ಅಥವಾ ಏರ್‌ಬ್ರಷ್‌ನಲ್ಲಿ ಮಿಸ್ಟರ್ ಕಲರ್‌ನ ಜಿಎಕ್ಸ್-100 ಕ್ಲಿಯರ್. ಮೊದಲೆರಡು ಸಲ ಮಂಜು ಇಳಿದಷ್ಟೇ ತೆಳ್ಳಗೆ, ದೂರದಿಂದ. ನಡುವೆ ಚೆನ್ನಾಗಿ ಆರಲು ಬಿಡಬೇಕು. ಶುರುವಿನಲ್ಲೇ ಒದ್ದೆಯಾಗಿ ಹೊಡೆದರೆ ಕ್ಲಿಯರ್‌ನ ಥಿನ್ನರ್ ಡೆಕಾಲ್ ಅನ್ನು ಕಚ್ಚಿ ಸುಕ್ಕುಗಟ್ಟಿಸುತ್ತದೆ, ಅದು ಮತ್ತೆ ಚಪ್ಪಟೆಯಾಗುವುದಿಲ್ಲ. ಆಮೇಲೆ ಒಂದೇ ಒಂದು ಒದ್ದೆ ಪದರ. ಮುಗಿಯಿತು. ಡೆಕಾಲ್ ಅಂಟಿಸಿ ಎರಡು ದಿನವಾದರೂ ಆಗಿರಬೇಕು, ಮಳೆಗಾಲವಾದರೆ ಒಂದು ವಾರ. ಅಡಿಯಲ್ಲಿ ನೀರು ಉಳಿದಿದ್ದರೆ ಕ್ಲಿಯರ್ ಹಾಕಿದ ಮೇಲೆ ಗುಳ್ಳೆ ಏಳುತ್ತದೆ.

ವರ್ಕ್‌ಶಾಪ್‌ಗಳಲ್ಲಿ ಹೊಡೆಯುವ ಟು-ಕೆ ಕ್ಲಿಯರ್, ಅಂದರೆ ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್), ಇದರ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಜ, ಒಂದೇ ಸಲಕ್ಕೆ ಕನ್ನಡಿ. ಪೆಟ್ರೋಲ್ ಬಿದ್ದರೂ ಹೋಗುವುದಿಲ್ಲ. ನಮ್ಮ ಷೆಲ್ಫಿನ ಕಾರಿಗೆ ಯಾರು ಪೆಟ್ರೋಲ್ ಹಾಕುತ್ತಾರೆ? ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿಗೆ ಹೋದರೆ ದಮ್ಮು ತರುವ ವಸ್ತು, ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ಸೋಕಿದರೂ ತೊಂದರೆ. ಮಕ್ಕಳು, ವಯಸ್ಸಾದವರು ಇರುವ ಮನೆಯ ಜಗಲಿಯಲ್ಲಿ ಅದು ಬೇಡ. ನನ್ನ ಮಾತು ಅಷ್ಟೆ.

ಇನ್ನು ಪಾಲಿಶ್. ಇದು ಮಳೆಗಾಲದ ಕೆಲಸ! ಬಣ್ಣ ಚಳಿಗಾಲದಲ್ಲಿ ಹೊಡೆದಿಟ್ಟರೆ ಜೂನ್ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಹೊರಗೆ ಮಳೆ ಸುರಿಯುತ್ತಿರುವಾಗ ಒಳಗೆ ಕೂತು ಉಜ್ಜುವುದರ ಸುಖ ಬೇರೆ. ಟಿಂಕರಿಂಗ್ ಅಂಗಡಿಯಲ್ಲಿ ಸಿಗುವ 2000ದ ವಾಟರ್ ಪೇಪರ್‌ನಿಂದ ಶುರು ಮಾಡಬಹುದು, ನೀರು ಜಾಸ್ತಿ ಹಾಕಿ, ಒತ್ತಡ ಕಡಿಮೆ ಹಾಕಿ. ಆಮೇಲೆ ಟಮಿಯಾದ ಕಾಂಪೌಂಡ್ ಮೂರು ಬಗೆ: ಕೋರ್ಸ್, ಫೈನ್, ಫಿನಿಶ್. ದೊಡ್ಡ ಕಾರುಗಳ ರಬ್ಬಿಂಗ್ ಕಾಂಪೌಂಡ್‌ನಿಂದಲೂ ಆಗುತ್ತದೆ, ಆದರೆ ಒರಟು, ಅಂಚಿನಲ್ಲಿ ಬಣ್ಣ ಕಿತ್ತು ಪ್ಲಾಸ್ಟಿಕ್ ಇಣುಕುತ್ತದೆ. ಅಂಚುಗಳಿಗೆ, ಮಡಿಕೆಗಳಿಗೆ ಮೊದಲೇ ಟೇಪ್ ಅಂಟಿಸಿಕೊಳ್ಳಿ. ಮೊದಲು ತೆಳುವಾಗುವುದು ಅವೇ.

ಕೆಸರೋ, ಹೊಳಪೋ

ರ‍್ಯಾಲಿ ಕಾರು ಮಾಡುವವರಿಗೆ ಪಾಲಿಶ್ ಇಲ್ಲದ ದಾರಿಯೂ ಒಂದಿದೆ. ಗೋಣಿಕೊಪ್ಪ, ವಿರಾಜಪೇಟೆ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಆಟೋಕ್ರಾಸ್ ನೋಡಿದವರಿಗೆ ಗೊತ್ತು, ಎರಡು ಸುತ್ತು ಮುಗಿಯುವಷ್ಟರಲ್ಲಿ ಕಾರಿನ ಬಣ್ಣ ಯಾವುದು ಅಂತಲೇ ಗೊತ್ತಾಗುವುದಿಲ್ಲ. 1974ರಿಂದ 1976ರವರೆಗೆ ಸಾಲಾಗಿ ಮೂರು ಸಲ ತಯಾರಕರ ಚಾಂಪಿಯನ್‌ಷಿಪ್ ಗೆದ್ದ ಲಾನ್ಸಿಯಾ ಸ್ಟ್ರಾಟೋಸ್, ಹಸೆಗಾವಾದ 1/24 ಕಿಟ್, ಇಂಥದ್ದಕ್ಕೆ ಧೂಳೇ ಅಲಂಕಾರ. ಬಣ್ಣದಲ್ಲಿ ಸಣ್ಣಪುಟ್ಟ ತಪ್ಪಾಗಿದ್ದರೆ ಅದೂ ಮುಚ್ಚಿಹೋಗುತ್ತದೆ. ಇದನ್ನು ಗುಟ್ಟಾಗಿ ಇಟ್ಟುಕೊಳ್ಳಿ.

ಧೂಳಿನಂತೆ ಕಾಣಿಸಲು ಪಿಗ್ಮೆಂಟ್ ಎಂಬ ಬಣ್ಣದ ಪುಡಿಯನ್ನು ದುಡ್ಡು ಕೊಟ್ಟು ತರಿಸಬಹುದು. ನಾನು ತೋಟದ ರಸ್ತೆಯ ಕೆಂಪು ಮಣ್ಣನ್ನೇ ಬಳಸುತ್ತೇನೆ. ಹೇಗೆಂದರೆ, ಹಳೇ ಬಾಣಲೆಯಲ್ಲಿ ಚೆನ್ನಾಗಿ ಹುರಿಯಬೇಕು. ಹುರಿಯದೆ ಹಾಕಿದ ಒಂದು ಕಾರಿನ ಚಕ್ರದ ಹಿಂದೆ ಆಗಸ್ಟ್‌ನಲ್ಲಿ ಬೂಷ್ಟು ಬೆಳೆದಿತ್ತು. ಹುರಿದದ್ದನ್ನು ಕುಟ್ಟಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ಕಣ ದಪ್ಪ ಇದ್ದರೆ 1/24ರಲ್ಲಿ ಅದು ಧೂಳಲ್ಲ, ಜಲ್ಲಿ. ನಮ್ಮ ಮಣ್ಣು ಮಾಂಟೆ ಕಾರ್ಲೋ ರ‍್ಯಾಲಿಯ ಮಣ್ಣಲ್ಲ ನಿಜ. ಕಾರು ನಮ್ಮ ಷೆಲ್ಫಿನಲ್ಲಿದೆ ತಾನೆ?

ಕೆಸರು ಬೇಕಾದರೆ ಆ ಪುಡಿಗೆ ಮ್ಯಾಟ್ ಅಕ್ರಿಲಿಕ್ ಮೀಡಿಯಂ ಬೆರೆಸಿ ಗಟ್ಟಿ ಬ್ರಷ್‌ನಿಂದ ಚಿಮುಕಿಸಿ. ಚಕ್ರದ ಹಿಂದೆ ಜಾಸ್ತಿ, ಮೇಲೆ ಹೋದಂತೆ ಕಡಿಮೆ. ವೈಪರ್ ಓಡುವ ಜಾಗಕ್ಕೆ ಮೊದಲೇ ಟೇಪ್ ಕತ್ತರಿಸಿ ಅಂಟಿಸಿದರೆ ಗಾಜಿನ ಮೇಲೆ ಅರ್ಧಚಂದ್ರ ತಾನಾಗಿ ಬರುತ್ತದೆ.

ಫಾರ್ಮುಲಾ ಒನ್ ಕಾರಿಗೆ ಮಾತ್ರ ಇದು ಬೇಡ. ಅದಕ್ಕೆ ಟೈರ್ ಸವೆದಂತೆ ಕಂಡರೆ ಸಾಕು. ಕಿಟ್‌ನ ರಬ್ಬರ್ ಟೈರಿನ ನಡುವೆ ಅಚ್ಚಿನ ಗೆರೆ ಇರುತ್ತದೆ. 400ರ ಎಮರಿಯಲ್ಲಿ ಸುತ್ತ ಉಜ್ಜಿದರೆ ಗೆರೆಯೂ ಹೋಗುತ್ತದೆ, ನೆಲ ಮುಟ್ಟುವ ಭಾಗ ಬೂದುಬಣ್ಣಕ್ಕೂ ತಿರುಗುತ್ತದೆ.

ಗಾಜು ಕೂರಿಸಲು ಸೂಪರ್ ಗ್ಲೂ ಬಳಸಬೇಡಿ, ಅದರ ಹಬೆಗೆ ಗಾಜು ಮಬ್ಬಾಗುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ. ನಮ್ಮ ಹವೆಗೆ ಒಂದು ರಾತ್ರಿ ಬದಲು ಎರಡು ರಾತ್ರಿ ಬಿಡಿ. ಮುಗಿದ ಕಾರು ಗಾಜಿನ ಬಾಗಿಲಿನ ಕಪಾಟಿನಲ್ಲಿರಲಿ, ಒಳಗೆ ಸಿಲಿಕಾ ಜೆಲ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿ.

ಆ ಲೋಟಸ್ ಏನಾಯಿತು ಅಂತ ಕೇಳುವಿರಿ. ಬಣ್ಣ ಕೀಳಬೇಕಾಗಿ ಬರಲಿಲ್ಲ. ಬ್ರೇಕ್ ಆಯಿಲ್‌ನಲ್ಲಿ ನೆನೆಸು ಅಂತ ಒಬ್ಬರು ಹೇಳಿದ್ದರು. ಹಾಗೆ ಮಾಡುವುದುಂಟು, ಆದರೆ ಅದು ಕೊನೆಯ ಉಪಾಯ. ಬಾಡಿಯನ್ನು ಡಬ್ಬಕ್ಕೆ ಹಾಕಿ ಜನವರಿವರೆಗೆ ಮರೆತುಬಿಟ್ಟೆ. ಕಾಫಿ ಕೊಯ್ಲಿನ ನಡುವೆ ಒಂದು ಭಾನುವಾರ, ಮೀಟರ್ 48 ತೋರಿಸುತ್ತಿತ್ತು. ಮಧ್ಯಾಹ್ನ 12ಕ್ಕೆ 2000ದ ಪೇಪರ್‌ನಲ್ಲಿ ಹಗುರಾಗಿ ಉಜ್ಜಿ, ಅದೇ ಕಪ್ಪನ್ನು ಒಂದು ತೆಳು ಪದರ, ಒಂದು ಒದ್ದೆ ಪದರ ಹೊಡೆದೆ. ಹೊಸ ಬಣ್ಣದ ಥಿನ್ನರ್ ಹಳೆಯದನ್ನೂ ಸ್ವಲ್ಪ ಕರಗಿಸಿಕೊಂಡು ಕೂತಿತು, ಮಂಕು ಹೋಯಿತು. ಈಗ ಚಿನ್ನದ ಗೆರೆಗಳ ಡೆಕಾಲ್ ಬಾಕಿ. ಇವತ್ತು ಮೀಟರ್ 86ರಲ್ಲಿದೆ. ಹಾಗಾಗಿ ಟೈರ್ ಉಜ್ಜುತ್ತಾ ಕೂತಿದ್ದೇನೆ.